ಮೂರನೇ ಅಂಕಿಯವರೆಗೆ

ಮಾರ್ಚ್ 3, ಸೋಮವಾರ

ಅಜ್ಜನ ಚಾಕುವಿಗೆ ಕೊನೆಗೂ ಅದರ ಯೋಗ್ಯತೆಗೆ ತಕ್ಕ ಜಾಗ ಸಿಗಲಿದೆ. ಗ್ರಂಥಾಲಯದ ಮಹಡಿಯಲ್ಲಿರುವ ವಸ್ತುಸಂಗ್ರಹಾಲಯದವರು ಊರಿನ ಮನೆಗಳಲ್ಲಿರುವ ಹಳೆಯ ವಸ್ತುಗಳ ಪ್ರದರ್ಶನ ಇಡುತ್ತಾರಂತೆ. ಸುದ್ದಿ ತಂದದ್ದು ಸೋದರತ್ತೆ. ಅಜ್ಜನ ಮಕ್ಕಳಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ವಯಸ್ಸು ಎಂಬತ್ತರ ಹತ್ತಿರವಾದರೂ ಊರಿನ ಯಾವ ಸುದ್ದಿಯೂ ಅವರ ಕಿವಿ ತಪ್ಪಿಸಿಕೊಂಡು ಹೋಗುವುದಿಲ್ಲ.

"ನಿಮ್ಮಪ್ಪ ಇದ್ದಿದ್ರೆ ತಾನೇ ಹೊತ್ಕೊಂಡು ಹೋಗ್ತಿದ್ದ. ಈಗ ನೀನು ಹೋಗು. ನಾಲ್ಕು ಜನ ನೋಡ್ಲಿ," ಎಂದರು.

ಅಪ್ಪ ಇದ್ದಿದ್ದರೆ ಚಾಕುವಿನ ಜತೆ ಕಥೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದ. ದೊಡ್ಡ ಯುದ್ಧದಲ್ಲಿ ಲಾರಿ ಮಗುಚಿ ಬೆಂಕಿ ಹೊತ್ತಿಕೊಂಡಾಗ ಅಜ್ಜ ತಮ್ಮ ಸೊಂಟದಲ್ಲಿದ್ದ ಈ ಮಡಚು ಚಾಕು ಬಿಚ್ಚಿ, ಪಟ್ಟಿ ಕತ್ತರಿಸಿ, ಒಳಗೆ ಸಿಕ್ಕಿಕೊಂಡಿದ್ದ ಅಧಿಕಾರಿಯನ್ನು ಎಳೆದು ಹಾಕಿದ ಕಥೆ. ಅದನ್ನು ನಾನು ಶಾಲೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ, ನನ್ನ ಮಗಳೂ ಗಿಟ್ಟಿಸಿದ್ದಾಳೆ. ಇವತ್ತು ಹಲ್ಲಿನ ಡಾಕ್ಟರಿಗೂ ಹೇಳಿದೆ. ಉದ್ಘಾಟನೆಗೆ ಬರುತ್ತೇನೆ ಎಂದಿದ್ದಾರೆ. ತಮ್ಮ ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಇಷ್ಟು ವರ್ಷ ತಲೆ ಬಗ್ಗಿಸಿಕೊಂಡು ಹಲ್ಲಿನ ಸೆಟ್ ಮಾಡುತ್ತಾ ಕೂತವಳು ಎಂಥ ಮನೆಯವಳೆಂದು ಅವರಿಗೂ ಗೊತ್ತಾಗಲಿ.

ಮಾರ್ಚ್ 5, ಬುಧವಾರ

ವಸ್ತುಸಂಗ್ರಹಾಲಯ ನೋಡಿಕೊಳ್ಳುವವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದೇನೆ. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡೇ ಹುಟ್ಟಿದವರಂತೆ ಕಾಣುತ್ತಾರೆ. ನಾನು ಲಾರಿಯ ಕಥೆ ಶುರು ಮಾಡಿದರೆ, "ಮೊದಲು ಚಾಕು ಏನು ಹೇಳುತ್ತೆ ನೋಡೋಣ ಮೇಡಂ," ಎಂದು ಬಾಯಿ ಮುಚ್ಚಿಸಿದರು.

ಒಂದೊಂದನ್ನೇ ಬಿಡಿಸಿದರು. ಅಗಲವಾದ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ದಬ್ಬಳದಂಥ ಮೊನೆ, ತುದಿಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಲು ಉಂಗುರ. ಆ ಮೊನೆ ಹಗ್ಗದ ಗಂಟು ಬಿಡಿಸಲಿಕ್ಕಂತೆ. ನಮ್ಮ ಮನೆಯಲ್ಲಿ ಎಲ್ಲರೂ ಅದು ಶತ್ರುವನ್ನು ತಿವಿಯಲಿಕ್ಕೆ ಎಂದುಕೊಂಡಿದ್ದೆವು. ಅಲಗಿನ ಬುಡದಲ್ಲಿ ಸೈನ್ಯದ ಮುದ್ರೆ ಇದೆ, ಯುದ್ಧಕಾಲದ ಇಸವಿ ಇದೆ.

"ಸೈನ್ಯದ್ದೇ, ಅನುಮಾನ ಬೇಡ. ಆದ್ರೆ ಇಂಥವು ಲಕ್ಷಗಟ್ಟಲೆ ಇದ್ವು. ಇದು ಯಾರದ್ದು ಅಂತ ಹೇಳ್ಬೇಕಾದ್ರೆ ಸೈನಿಕನ ನಂಬರ್ ಬೇಕು. ಕಳುವಾಗ್ಬಾರ್ದು ಅಂತ ಕೆಲವರು ಮೊಳೆಯಿಂದ ತಮ್ಮ ನಂಬರ್ ಗೀಚಿಕೊಳ್ತಿದ್ರು. ಉಂಗುರದ ಹತ್ರ ಕೊಳೆ ಕೂತಿದೆ ನೋಡಿ, ಅದರಡಿ ಇದ್ದರೂ ಇರಬಹುದು. ಎಣ್ಣೆಯಲ್ಲಿ ನೆನೆಸಿ ತನ್ನಿ. ಎಣ್ಣೆ ಬಿಟ್ಟು ಬೇರೇನೂ ಮುಟ್ಟಿಸ್ಬೇಡಿ."

ಉಜ್ಜುವುದು, ತೀಡುವುದು, ಹೊಳಪು ಕೊಡುವುದೇ ಹೊಟ್ಟೆಪಾಡಾಗಿರುವ ನನಗೆ ಈ ಪಾಠ. ಆದರೂ ನಂಬರ್ ಸಿಕ್ಕರೆ ಒಳ್ಳೆಯದೇ. ಅಜ್ಜನ ಪದಕದ ಅಂಚಿನಲ್ಲಿ ಅವರ ನಂಬರ್ ಇದೆ, ಪದಕ ಅತ್ತೆಯ ಹತ್ತಿರವಿದೆ. ಎರಡೂ ಹೊಂದಿಕೆಯಾದರೆ ಈ ಮನುಷ್ಯ ತೆಪ್ಪಗಾಗುತ್ತಾರೆ.

ಮಾರ್ಚ್ 8, ಶನಿವಾರ

ನಂಬರ್ ಇದೆ. ಎಣ್ಣೆ ಕುಡಿದ ಕೊಳೆ ಹಲ್ಲುಕಡ್ಡಿಗೆ ಮೆತ್ತಗೆ ಎದ್ದು ಬಂತು. ಅದರಡಿ ಸಣ್ಣ ಸಣ್ಣ ಅಂಕಿಗಳು, ಸೊಟ್ಟಪಟ್ಟ, ಕೈ ನಡುಗುವವರು ಗೀಚಿದ ಹಾಗೆ. ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ದೀಪದ ಬೆಳಕಿನಲ್ಲಿ ಯಾರಿಗೂ ಓದಲಾಗಲಿಲ್ಲ. "ನಿಮ್ಮಜ್ಜನ ಕೈಬರಹ ಥೇಟ್ ನಿನ್ನದೇ," ಎಂದು ನನ್ನ ಯಜಮಾನರು ರೇಗಿಸಿದರು. ನಾಳೆ ಅತ್ತೆಯ ಮನೆಗೆ.

ಮಾರ್ಚ್ 9, ಭಾನುವಾರ

ಅತ್ತೆ ಕಾಫಿ ಮಾಡಲು ಒಳಗೆ ಹೋದಾಗ ಪದಕವನ್ನೂ ಚಾಕುವನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು, ಒಂದು. ಚಾಕುವಿನಲ್ಲೂ ನಾಲ್ಕು, ಒಂದು. ಆಮೇಲೆ ಪದಕದಲ್ಲಿ ಮೂರು. ಚಾಕುವಿನಲ್ಲಿ ಏಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಏಳೇ. ಮುಂದಕ್ಕೆ ಓದಲಿಲ್ಲ. ಓದಿ ಏನಾಗಬೇಕಿತ್ತು?

ಚಾಕು ಅಜ್ಜನದ್ದಲ್ಲ. ಯಾರೋ ಕಳುವಾಗಬಾರದೆಂದು ನಂಬರ್ ಗೀಚಿಕೊಂಡಿದ್ದ, ಅಜ್ಜ ಅದನ್ನು ಎತ್ತಿಕೊಂಡು ಬಂದಿದ್ದಾರೆ. ಅದರ ಮೇಲೆ ನಾವು ಮೂರು ತಲೆಮಾರು ಚಪ್ಪಾಳೆ ಗಿಟ್ಟಿಸಿದ್ದೇವೆ.

"ಏನೇ, ಮುಖ ಯಾಕೆ ಹೀಗಾಗಿದೆ?" ಎಂದರು ಅತ್ತೆ.

"ಬಿಸಿಲು ಅತ್ತೆ."

ಬೀದಿಯವರನ್ನೆಲ್ಲ ಉದ್ಘಾಟನೆಗೆ ಕರೆದಿದ್ದಾರಂತೆ. ಹಾಕಿಕೊಳ್ಳುವ ಬಟ್ಟೆಗೆ ಇಸ್ತ್ರಿಯನ್ನೂ ಮಾಡಿಸಿಟ್ಟಿದ್ದಾರೆ. ಭೂತಗನ್ನಡಿಯವರು ಕನ್ನಡಿ ಹಿಡಿದು ಎಲ್ಲರೆದುರು ಆ ಏಳನ್ನು ಓದುವುದನ್ನು ನೆನೆಸಿಕೊಂಡರೆ ನೆಲ ಬಾಯಿ ಬಿಡಬಾರದೇ ಅನಿಸುತ್ತದೆ.

ಮಾರ್ಚ್ 11, ಮಂಗಳವಾರ

ಮಾಡಿಬಿಟ್ಟೆ.

ಊಟದ ಹೊತ್ತಿನಲ್ಲಿ ಕೋಣೆ ಖಾಲಿಯಿತ್ತು. ಹಲ್ಲಿನ ಸೆಟ್ಟಿಗೆ ಬಳಸುವ ಸಣ್ಣ ಸಾಣೆಕಲ್ಲನ್ನು ಡ್ರಿಲ್ಲಿಗೆ ಸಿಕ್ಕಿಸಿ, ಉಂಗುರದ ಪಕ್ಕ ತೀಡಿದೆ. ಮೊದಲು ಏಳು ಹೋಯಿತು. ನಂತರ ಉಳಿದವು. ಆಮೇಲೆ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಟ್ಟೆ. ಅಲ್ಲಿ ಮಾತ್ರ ಹೊಳೆದರೆ ಕಣ್ಣಿಗೆ ಹೊಡೆಯುತ್ತದೆಂದು ಸುತ್ತಲೂ ಕೊಟ್ಟೆ. ನನ್ನ ಕೈ ಇಷ್ಟು ಚೆನ್ನಾಗಿ ಯಾವತ್ತೂ ಓಡಿರಲಿಲ್ಲ.

ಮೇಣದ ಅಚ್ಚು ಮಾಡುವವಳು ಊಟ ಮುಗಿಸಿ ಬಂದು, "ಯಾರ ಹಲ್ಲಿಗಕ್ಕ ಇಷ್ಟೊಂದು ಉಪಚಾರ?" ಎಂದಳು.

"ನಮ್ಮಜ್ಜನ ಹಲ್ಲಿಗೆ," ಎಂದೆ. ಅವಳು ನಕ್ಕಳು. ನಾನೂ ನಕ್ಕೆ.

ತಪ್ಪೇನು? ಸತ್ತವರ ಮಾನ ಕಾಪಾಡುವುದು ಉಳಿದವರ ಕೆಲಸ. ಅಜ್ಜನ ಪರವಾಗಿ ಮಾಡಿದೆ, ನನಗೋಸ್ಕರ ಅಲ್ಲ.

ಮಾರ್ಚ್ 14, ಶುಕ್ರವಾರ

ನಂಬರ್ ಇರಲಿಲ್ಲ ಎಂದೆ. ಭೂತಗನ್ನಡಿಯವರು ಉಂಗುರದ ಬಳಿಯೇ ಕನ್ನಡಿ ಊರಿ ಕೂತರು. ಪಕ್ಕದ ಗೋಡೆಯಲ್ಲಿ ಯಾರದೋ ಮದುವೆಯ ಫೋಟೊ ತೂಗುಹಾಕುತ್ತಿದ್ದರು, ಸುತ್ತಿಗೆಯ ಒಂದೊಂದು ಏಟೂ ನನ್ನ ತಲೆಗೇ ಬೀಳುತ್ತಿತ್ತು.

"ಇಲ್ಲಿ ಸ್ವಲ್ಪ ತಗ್ಗಾಗಿದೆ," ಎಂದರು.

"ಮೊದಲಿಂದ್ಲೂ ಹಾಗೇ ಇದೆ."

"ಹೊಳಪು ಹೊಸದು."

"ಪೂರ್ತಿ ಚಾಕುವಿಗೇ ಕೊಟ್ಟೆ ಸರ್. ಜನ ನೋಡೋದಲ್ವಾ."

ಅವರು ಕನ್ನಡಿ ಕೆಳಗಿಟ್ಟರು. "ಎಣ್ಣೆ ಮಾತ್ರ ಅಂದಿದ್ದೆ," ಎಂದರು, ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರವಾಗುತ್ತಿದ್ದೆ. ಚಾಕುವಿನ ಕೆಳಗೆ ಇಡುವ ಚೀಟಿಗೆ ಲಾರಿಯ ಕಥೆ ಬರೆದುಕೊಟ್ಟೆ. ಅವರು ಕೊನೆಯಲ್ಲಿ 'ಎಂದು ಮನೆಯವರ ಹೇಳಿಕೆ' ಎಂದು ಸೇರಿಸಿದರು.

ಮಾರ್ಚ್ 16, ಭಾನುವಾರ

ಉದ್ಘಾಟನೆ ಆಯಿತು. ಡಾಕ್ಟರು ಬಂದಿದ್ದರು, ಚೀಟಿ ಓದಿ ನನ್ನ ಕೈ ಕುಲುಕಿದರು. ನಾನು ಕಥೆ ಹೇಳಿದೆ. ಅಧಿಕಾರಿಯ ಅಂಗಿಗೆ ಬೆಂಕಿ ಹತ್ತಿದ್ದು ಅಪ್ಪನ ಕಥೆಯಲ್ಲಿ ಇರಲಿಲ್ಲ, ಇವತ್ತು ಹೇಗೋ ಬಾಯಿಗೆ ಬಂತು.

ಅತ್ತೆ ಚಾಕುವಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಬಂದು ನಿಂತವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದರು.

ಮಾರ್ಚ್ 18, ಮಂಗಳವಾರ

ವಸ್ತು ಕೊಟ್ಟವರು ಸರದಿಯ ಮೇಲೆ ಕಾವಲು ಕೂರಬೇಕು. ಇವತ್ತು ಮಧ್ಯಾಹ್ನ ನನ್ನದು. ಜನ ಇರಲಿಲ್ಲ. ಐವತ್ತರ ಹತ್ತಿರದ ಒಬ್ಬ ಹೆಂಗಸು ಬಂದರು, ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಇದ್ದರು. ಫೋಟೊ, ಪಾತ್ರೆ, ಹೊಲಿಗೆ ಯಂತ್ರ ಒಂದನ್ನೂ ನೋಡಲಿಲ್ಲ. ನೆಟ್ಟಗೆ ಸೈನ್ಯದ ಸಾಮಾನಿನ ಮೇಜಿಗೆ ಬಂದರು. "ಇದನ್ನ ಸ್ವಲ್ಪ ತಿರುಗಿಸಿ ತೋರಿಸ್ತೀರಾ?" ನೀರಿನ ಕ್ಯಾನು ತಿರುಗಿಸಿದೆ. ಬೆಲ್ಟು, ತಟ್ಟೆ ತಿರುಗಿಸಿದೆ. ಆಮೇಲೆ ಚಾಕು.

ಉಂಗುರದ ಬಳಿ ಬೆರಳಿಟ್ಟರು. "ಇಲ್ಲೇ ಗೀಚ್ತಿದ್ರಂತೆ. ಇದರಲ್ಲಿ ಇರ್ಲಿಲ್ವಾ?"

"ಏನು ಹುಡುಕ್ತಿದ್ದೀರಿ?" ಎಂದೆ, ಉತ್ತರ ಕೊಡುವ ಬದಲು.

"ನಮ್ಮಜ್ಜನ್ನ," ಎಂದರು, ಕಳೆದುಹೋದ ಕೊಡೆಯ ಬಗ್ಗೆ ಹೇಳಿದಷ್ಟು ಸಹಜವಾಗಿ. "ದೊಡ್ಡ ಯುದ್ಧದಲ್ಲಿ ಕಾಣೆಯಾದ್ರು. ಸತ್ರು ಅಂತ ಯಾರೂ ಹೇಳ್ಲಿಲ್ಲ, ಇದ್ದಾರೆ ಅಂತಾನೂ ಹೇಳ್ಲಿಲ್ಲ. ಯಾವ ಆಫೀಸಿಗೆ ಹೋದ್ರೂ ಮೊದಲು ನಂಬರ್ ಕೇಳೋರಂತೆ. ಅದಕ್ಕೆ ಅಜ್ಜಿ ನಮ್ಮನೇಲಿ ಮಗ್ಗಿಗಿಂತ ಮುಂಚೆ ಆ ನಂಬರನ್ನೇ ಬಾಯಿಪಾಠ ಮಾಡಿಸಿದ್ರು. ಅಮ್ಮನಿಗೆ, ಅಮ್ಮನಿಂದ ನಮಗೆ." ಹಾಗೆಂದು ಹೇಳಿಯೇಬಿಟ್ಟರು, ಮಕ್ಕಳು ಪದ್ಯ ಹೇಳುವ ರಾಗದಲ್ಲಿ: "ನಾಲ್ಕು ಒಂದು ಏಳು, ಎರಡು ಎರಡು, ಸೊನ್ನೆ ಆರು."

ನಾನು ಚಾಕುವನ್ನು ಕೆಳಗಿಟ್ಟೆ.

"ಇದು ನಮ್ಮಜ್ಜನದ್ದೇ," ಎಂದೆ.

"ಹೌದು ಹೌದು, ಚೀಟಿ ಓದಿದೆ. ಪುಣ್ಯವಂತರು ನೀವು," ಎಂದು ಹೇಳಿ ಹೋದರು. ಊರಿಂದ ಹೊಸ ಬಡಾವಣೆಗೆ ಹೋಗುವ ಬಸ್ಸು ಅವರದಂತೆ.

ಮಾರ್ಚ್ 19, ಬುಧವಾರ

ನಾಲ್ಕು ಒಂದು ಏಳು. ಆಮೇಲೆ ಏನಿತ್ತು? ಕಣ್ಣು ಮುಚ್ಚಿದರೆ ಸೊಟ್ಟ ಗೆರೆಗಳು ಕಾಣುತ್ತವೆ, ಅಂಕಿ ಕಾಣುವುದಿಲ್ಲ. ಎರಡು ಎರಡು ಎಂದುಕೊಂಡರೆ ಎರಡರ ಹಾಗೇ ಕಾಣುತ್ತದೆ. ಐದು ಎಂದುಕೊಂಡರೆ ಐದರ ಹಾಗೆ.

ಮಾರ್ಚ್ 20, ಗುರುವಾರ

ಕೆಲಸಕ್ಕೆ ಹೋಗಿದ್ದೆ.

ಮಾರ್ಚ್ 21, ಶುಕ್ರವಾರ

ಒಬ್ಬ ಮುದುಕರ ಸೆಟ್ಟು ವಾಪಸ್ ಬಂತು. ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡುತ್ತಲೇ ಇಲ್ಲ. ಡಾಕ್ಟರು "ಮನೇಲಿ ಎಲ್ಲ ಸರಿ ಇದೆಯಾ?" ಎಂದು ಮಾತ್ರ ಕೇಳಿದರು.

ಅಲ್ಲಿಂದ ಸೀದಾ ಅತ್ತೆಯ ಮನೆಗೆ ಹೋದೆ. "ಅತ್ತೆ, ಚಾಕು ಅಜ್ಜನದ್ದಲ್ಲ," ಎಂದೆ.

"ಅಲ್ಲ," ಎಂದರು ಅತ್ತೆ, ಬಟ್ಟೆ ಮಡಿಸುತ್ತಾ.

ಅವರೇ ಹೇಳಿದರು. "ಸಣ್ಣವಳಿದ್ದಾಗ ಒಂದ್ಸಲ ಅದ್ರಿಂದ ಪೆನ್ಸಿಲ್ ಹೆರೆದಿದ್ದೆ. ನಮ್ಮಪ್ಪ ಬಂದು ಕೈಯಿಂದ ಕಿತ್ಕೊಂಡ. ಬೇರೆಯವರ ಸಾಮಾನು, ಮುಟ್ಬೇಡ ಅಂದ. ಯಾರದ್ದು ಅಂತ ಕೇಳಿದ್ದಕ್ಕೆ, ಪಕ್ಕದಲ್ಲಿ ಮಲಗಿದ್ದವನದ್ದು ಅಂದ. ಹೊಸದಾಗಿ ಬಂದಿದ್ದನಂತೆ, ಒಂದೇ ರಾತ್ರಿ. ಹೆಸರೂ ಸರಿಯಾಗಿ ಕೇಳಿರ್ಲಿಲ್ಲ. ಬೆಳಿಗ್ಗೆ ಗುಂಡಿನ ಗಲಾಟೆ. ಅದು ಮುಗಿದಾಗ ಅವನಿರ್ಲಿಲ್ಲ, ಚಾಕು ಇತ್ತು."

"ಹಾಗಾದ್ರೆ ಲಾರಿ?"

"ಲಾರಿ ನಿಮ್ಮಪ್ಪನದು. ಅವನಿಗೆ ಖಾಲಿ ಚಾಕು ಸಾಲ್ತಿರ್ಲಿಲ್ಲ. ನೀನೂ ಅಷ್ಟು ಆಸೆಯಿಂದ ಹೇಳ್ತಿದ್ದೆ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ. ನಮ್ಮಪ್ಪನಿಗೆ ಓದೋಕೆ ಬರ್ತಿರ್ಲಿಲ್ಲ. ಯಾರನ್ನ ಕೇಳ್ಬೇಕು ಅಂತಾನೂ ತಿಳೀಲಿಲ್ಲ. ನಾಲ್ಕು ಜನರ ಕಣ್ಣಿಗೆ ಬಿದ್ರೆ ಯಾರಿಗಾದ್ರೂ ಗುರುತು ಸಿಕ್ಕೀತು ಅಂತಾನೇ ನಿನ್ನನ್ನ ಕಳಿಸಿದ್ದು."

ಅಜ್ಜ ಕಳ್ಳರಾಗಿರಲಿಲ್ಲ. ಅಷ್ಟು ವರ್ಷ ಒಂದು ಹಣ್ಣನ್ನೂ ಹೆಚ್ಚದೆ ಇಟ್ಟುಕೊಂಡಿದ್ದರು. ಅವರನ್ನು ಕಳ್ಳರೆಂದುಕೊಂಡವಳು ನಾನೊಬ್ಬಳೇ. ಡ್ರಿಲ್ಲಿನ ವಿಷಯ ಅತ್ತೆಗೆ ಹೇಳಿದೆ. ಅವರು ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದರು. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ. ಇದುವರೆಗೆ ಹಾಗೆ ಮಾಡಿದವರಲ್ಲ.

ಮಾರ್ಚ್ 22, ಶನಿವಾರ

ಭೂತಗನ್ನಡಿಯವರಿಗೂ ಹೇಳಿದೆ. ಮತ್ತೆ ಓದಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ.

"ಅಚ್ಚು ಒತ್ತಿದ ನಂಬರ್ ಆಗಿದ್ರೆ ಅದರ ಏಟು ಲೋಹದ ಆಳಕ್ಕೂ ಇಳಿದಿರುತ್ತೆ. ತೀಡಿದ್ರೂ ಆಸಿಡ್ ಹಾಕಿ ಎಬ್ಬಿಸಬಹುದು. ಇದು ಮೊಳೆಯಲ್ಲಿ ಗೀಚಿದ್ದು. ಹೋದ್ರೆ ಹೋದ ಹಾಗೇ." ಆಮೇಲೆ ಕೇಳಿದರು: "ಎಷ್ಟು ಓದಿದ್ರಿ?"

"ಮೂರೇ ಅಂಕಿ. ನಾಲ್ಕು ಒಂದು ಏಳು."

"ಒಂದೇ ಕಡೆ ಸೈನ್ಯಕ್ಕೆ ಸೇರಿದವರ ಮೊದಲ ಅಂಕಿಗಳು ಒಂದೇ ಇರ್ತವೆ. ನಾಲ್ಕು ಒಂದು ಏಳು ಅಂದ್ರೆ ನೂರಾರು ಜನ ಇರಬಹುದು," ಎಂದರು. ನಾನೇ ಚೀಟಿ ತೆಗೆದು ಹರಿದೆ. ಅವರು ಬೇಡವೆನ್ನಲಿಲ್ಲ.

ಮಾರ್ಚ್ 25, ಮಂಗಳವಾರ

ಹೊಸ ಬಡಾವಣೆಯ ಬಸ್ಸು ಹತ್ತಿದೆ. ಕಂಡಕ್ಟರಿಗೆ ನನ್ನ ಗುರುತು ಸಿಕ್ಕಿ ನಕ್ಕರು. "ಎಲ್ಲಿಗೆ?"

"ಕೊನೇ ಸ್ಟಾಪಿಗೆ."

ಕೊನೆಯ ಸ್ಟಾಪು ಬಂತು. ಎಲ್ಲರೂ ಇಳಿದರು, ಡ್ರೈವರೂ ಇಳಿದ. "ಬಂತಮ್ಮ," ಎಂದರು. ಎಲ್ಲ ಹೇಳಲೆಂದೇ ಹತ್ತಿದವಳು, "ವಾಪಸ್ ಒಂದು ಟಿಕೆಟ್ ಕೊಡಿ," ಎಂದೆ. ಅವರು ನನ್ನನ್ನು ಒಂದು ಥರ ನೋಡಿ ಟಿಕೆಟ್ ಹರಿದರು. ಎಷ್ಟು ಹೇಡಿ ನಾನು. ಅಳಿಸುವಾಗ ಮಾತ್ರ ಕೈ ನಡುಗಿರಲಿಲ್ಲ.

ಮಾರ್ಚ್ 26, ಬುಧವಾರ

ಹೇಳಿದೆ. ಕೊನೆಯ ಸ್ಟಾಪಿನಲ್ಲಿ ಖಾಲಿ ಬಸ್ಸಿನಲ್ಲಿ. ಸುತ್ತಿ ಬಳಸದೆ, ನಂಬರ್ ಇತ್ತು, ನಾನೇ ತೀಡಿ ಅಳಿಸಿದೆ ಎಂದೆ. ಮೊದಲ ಮೂರು ನಿಮ್ಮದರ ಹಾಗೇ ಇತ್ತು, ಮಿಕ್ಕದ್ದು ಓದಲಿಲ್ಲ ಎಂದೆ.

"ಯಾಕೆ ಓದ್ಲಿಲ್ಲ?"

"ನಮ್ಮಜ್ಜನದ್ದಲ್ಲ ಅಂತ ಗೊತ್ತಾಯ್ತು. ನನಗೆ ಅಷ್ಟೇ ಬೇಕಿತ್ತು."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಣ್ಣು ತುಂಬಿತ್ತು, ಸಿಟ್ಟೋ ದುಃಖವೋ ತಿಳಿಯಲಿಲ್ಲ. ಎರಡೂ ಇರಬಹುದು. "ನೀವು ಹೋಗಿ, ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ನನ್ನ ಹತ್ರ ನಿಲ್ಬೇಡಿ," ಎಂದರು. ಬಸ್ಸು ಹೊರಟು, ಜನ ಹತ್ತಿ, ಟಿಕೆಟ್ ಕೊಟ್ಟು ಮುಗಿಸಿ, ನಾನು ಇಳಿಯುವ ಹೊತ್ತಿಗೆ ಹತ್ತಿರ ಬಂದರು. "ಭಾನುವಾರ ಮನೆಗೆ ಬನ್ನಿ. ಅಮ್ಮನಿಗೆ ನೀವೇ ಹೇಳ್ಬೇಕು. ನನ್ನ ಬಾಯಿಂದ ಬರಲ್ಲ."

ಮಾರ್ಚ್ 30, ಭಾನುವಾರ

ನಿನ್ನೆ ಪ್ರದರ್ಶನ ಮುಗಿಯಿತು. ಚಾಕುವನ್ನು ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಕೊಟ್ಟುಬಿಡಬೇಕೆಂದೇ ಹೋಗಿದ್ದೆ. ಅವರಿಗೆ ಕೊಟ್ಟರೆ ನಾನೂ ಸ್ವಲ್ಪ ಹಗುರವಾಗುತ್ತೇನೆ ಎಂಬ ಆಸೆಯೂ ಒಳಗೊಳಗೇ ಇತ್ತು, ಸುಳ್ಳು ಬರೆಯುವುದಿಲ್ಲ.

ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಕಂಡಕ್ಟರು ಬಾಗಿಲು ತೆಗೆದು, ಒಳಕ್ಕೆ ಕೈ ತೋರಿಸಿ, ತಾವು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರ ತಾಯಿ ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ಮಂಜಾಗಿದೆ. ಅವರ ಅಪ್ಪ ಯುದ್ಧಕ್ಕೆ ಹೋದಾಗ ಅವರಿನ್ನೂ ತೆವಳುವ ಮಗುವಂತೆ. ಮುಖವೇ ನೆನಪಿಲ್ಲವಂತೆ.

"ಚಾಕು ತಂದಿದ್ದೀರಂತೆ. ಕೊಡಿ ನೋಡೋಣ," ಎಂದು ಕೈ ಚಾಚಿದರು. ಮಗಳು ಅಷ್ಟನ್ನು ಹೇಳಿದ್ದರು, ಮಿಕ್ಕದ್ದನ್ನು ನನಗೆ ಬಿಟ್ಟಿದ್ದರು.

ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ನಿಧಾನ ಸವರಿದರು. ಅಲಗು, ಕೊಕ್ಕೆ, ಮೊನೆ, ಉಂಗುರ. ಉಂಗುರದ ಪಕ್ಕ ಬೆರಳು ನಿಂತಿತು. "ಇಲ್ಲಿ ನುಣ್ಣಗಿದೆ," ಎಂದರು.

"ನಾನು ತೀಡಿದ್ದು ಅಮ್ಮ. ಅಲ್ಲಿ ನಂಬರ್ ಇತ್ತು. ಇದು ನಮ್ಮಜ್ಜನದ್ದಲ್ಲ ಅಂತ ಜನಕ್ಕೆ ತಿಳಿದ್ರೆ ಅವಮಾನ ಅಂತ ಅಳಿಸಿದೆ."

ಅವರು ಬೈಯಲಿಲ್ಲ. ತಮ್ಮ ಅಪ್ಪನ ನಂಬರನ್ನು ಹೇಳಿದರು. ಮಗಳ ಹಾಗೆ ಪದ್ಯದ ರಾಗದಲ್ಲಲ್ಲ, ಒಂದೊಂದು ಅಂಕಿಯೂ ಒಬ್ಬೊಬ್ಬ ಮನುಷ್ಯನೆಂಬಂತೆ ನಿಲ್ಲಿಸಿ ನಿಲ್ಲಿಸಿ. ಹೇಳಿ ಮುಗಿಸಿ ನನ್ನ ಕಡೆ ಮುಖ ಮಾಡಿದರು.

"ಇದೇ ಇತ್ತಾ?"

ಹೌದು ಎಂದುಬಿಡಬಹುದಿತ್ತು. ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ಆ ಮುಖ ನೋಡಿದರೆ ಹೌದು ಎನ್ನದಿರುವುದೇ ಪಾಪ ಅನಿಸಿತು. ಅಡುಗೆಮನೆಯ ಬಾಗಿಲಲ್ಲಿದ್ದ ಮಗಳೂ ನನ್ನನ್ನೇ ನೋಡುತ್ತಿದ್ದರು, ಅವರಿಗೂ ಅದೇ ಬೇಕಿತ್ತೋ ಏನೋ.

"ಗೊತ್ತಿಲ್ಲಮ್ಮ," ಎಂದೆ. "ಮೂರರ ತನಕ ಇದೇ. ಮುಂದಿನದ್ದು ನಾನು ಓದ್ಲಿಲ್ಲ. ಇನ್ನು ಯಾರೂ ಓದೋಕಾಗಲ್ಲ."

ನನಗೆ ಅಳು ಬಂತು. ಅವರೆದುರು ಅಳಲು ನನಗೇನು ಹಕ್ಕಿದೆ ಎಂದು ತುಟಿ ಕಚ್ಚಿ ತಡೆದೆ. "ಇದನ್ನ ನೀವೇ ಇಟ್ಕೊಳ್ಳಿ," ಎಂದೆ.

ಅವರು ಚಾಕುವಿನ ಅಲಗು, ಕೊಕ್ಕೆ, ಮೊನೆಗಳನ್ನು ಒಂದೊಂದಾಗಿ ಮಡಚಿದರು. ಬಟ್ಟೆಯಲ್ಲಿ ಮೊದಲಿನ ಹಾಗೇ ಸುತ್ತಿದರು. ತಡವರಿಸಿ ನನ್ನ ಕೈ ಹುಡುಕಿ ಅದರಲ್ಲಿಟ್ಟು ಬೆರಳು ಮುಚ್ಚಿದರು.

"ಖಾತ್ರಿ ಇಲ್ದೆ ಹೇಗಮ್ಮ ಇಟ್ಕೊಳ್ಳಲಿ? ಇನ್ಯಾರ ಮನೇದೋ ಏನೋ. ಅವರೂ ನಮ್ಮ ಹಾಗೇ ಹುಡುಕ್ತಾ ಇರ್ತಾರೆ," ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಮಗಳನ್ನು ಕೇಳಿದರು: "ಮುಂದಿನ ತಿಂಗಳು ಎಲ್ಲೋ ಇನ್ನೊಂದು ಕಡೆ ಹೀಗೇ ಹಳೇ ಸಾಮಾನು ಇಡ್ತಾರೆ ಅಂದಿದ್ಯಲ್ಲ, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗಿದೆ ನೋಡು."